ಗಾಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಯಾರಿಗೆ: ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ಮಾಯದವರಿಗೆ, ಬೀಡಿ ಸಿಗರೇಟಿನ ಚಟದಿಂದ ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ, ಬೆಂಕಿಯಲ್ಲಿ ಮೈ ಸುಟ್ಟುಕೊಂಡವರಿಗೆ; ಇವರ ಪರವಾಗಿ ದುಡ್ಡು ಹೊಂದಿಸಿ ಸಹಿ ಹಾಕುವ ಮನೆಯವರಿಗೆ.

ಪಾಲಿಸಬೇಕಾದ ಕ್ರಮ: ಮೊದಲು ಗಾಯ ಮಾಯದಿರುವುದಕ್ಕೆ ಕಾರಣ ಹುಡುಕಿ ಅದಕ್ಕೆ ಚಿಕಿತ್ಸೆ. ಎರಡನೆಯದು ಕಾಗದಪತ್ರದ ಪರಿಶೀಲನೆ. ಸ್ಟೆಮ್ ಸೆಲ್ಲಿನ ಮಾತು ಮೂರನೆಯದು. ಈ ಕ್ರಮವನ್ನು ತಲೆಕೆಳಗು ಮಾಡುವವರು ಎಷ್ಟೇ ದೊಡ್ಡ ಬೋರ್ಡು ಹಾಕಿಕೊಂಡಿರಲಿ, ಅವರ ಮುಂದೆ ಸಹಿ ಹಾಕಬೇಡಿ.

ಮೊದಲು ತಿಳಿದಿರಬೇಕಾದ್ದು

ಸ್ಟೆಮ್ ಸೆಲ್, ಅಂದರೆ ಆಕರ ಕೋಶ, ನಮ್ಮ ಚರ್ಮದಲ್ಲೇ ಇದೆ. ಹೊರಚರ್ಮದ ತಳಪದರದಲ್ಲೂ ಕೂದಲ ಬುಡದಲ್ಲೂ ಇರುವ ಈ ಕೋಶಗಳು ಸತ್ತುದುರುವ ಚರ್ಮಕ್ಕೆ ಬದಲಿ ಚರ್ಮವನ್ನು ಬದುಕಿಡೀ ಕಟ್ಟುತ್ತಿರುತ್ತವೆ. ಮೇಲುಮೇಲಿನ ಸುಟ್ಟಗಾಯ ತಾನಾಗಿ ಮಾಯುವುದು ಕೂದಲ ಬುಡದ ಕೋಶಗಳು ಉಳಿದಿರುವುದರಿಂದ. ಆಳಕ್ಕೆ ಸುಟ್ಟಾಗ ಅವೂ ನಾಶವಾಗುತ್ತವೆ. ಆಗ ಬೇರೆ ಕಡೆಯಿಂದ ಚರ್ಮ ತಂದು ಕೂರಿಸದೆ ವಿಧಿಯಿಲ್ಲ.

ಈ ಕೋಶಗಳನ್ನು ದೇಹದ ಹೊರಗೆ ಬೆಳೆಸುವ ವಿಧಾನವನ್ನು 1975ರಲ್ಲಿ ಅಮೆರಿಕದ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಪ್ರಕಟಿಸಿದರು. 1983ರಲ್ಲಿ ಮೈಯ 95 ಶೇಕಡಕ್ಕಿಂತ ಹೆಚ್ಚು ಸುಟ್ಟಿದ್ದ ಇಬ್ಬರು ಬಾಲಕರು, ಅಣ್ಣ ತಮ್ಮಂದಿರು, ಬಾಸ್ಟನ್ನಿನಲ್ಲಿ ಹೀಗೆ ಬೆಳೆಸಿದ ತಮ್ಮದೇ ಚರ್ಮದ ಹಾಳೆಗಳಿಂದ ಬದುಕುಳಿದರು. 2015ರಲ್ಲಿ ಜರ್ಮನಿಯ ಬೋಖುಮ್ ಆಸ್ಪತ್ರೆಯಲ್ಲಿ, ಹುಟ್ಟಿನಿಂದಲೇ ಚರ್ಮ ಗುಳ್ಳೆಯೆದ್ದು ಕಳಚುವ ಕಾಯಿಲೆಯಿದ್ದ ಏಳು ವರ್ಷದ ಸಿರಿಯಾದ ಬಾಲಕನಿಗೆ ಇಟಲಿಯ ಮೊದೆನಾದಲ್ಲಿ ಜೀನ್ ದೋಷ ಸರಿಪಡಿಸಿ ಬೆಳೆಸಿದ ಹೊರಚರ್ಮವನ್ನು ಮೈಯ ಸುಮಾರು 80 ಶೇಕಡ ಭಾಗಕ್ಕೆ ಹೊದಿಸಿದರು. ಆ ಹೊರಚರ್ಮ ಬೆಳೆಸಿದ ಮಿಕೇಲೆ ದೆ ಲೂಕಾ ಅವರ ತಂಡ 2017ರಲ್ಲಿ ಇದನ್ನು ವರದಿ ಮಾಡಿತು. ಹಾಕಿದ ಕೋಶಗಳಲ್ಲಿ ಬೆರಳೆಣಿಕೆಯಷ್ಟು ಪಾಲಿನ ನಿಜವಾದ ಆಕರ ಕೋಶಗಳೇ ಮುಂದೆ ಇಡೀ ಹೊರಚರ್ಮವನ್ನು ಉಳಿಸಿಕೊಂಡು ಬಂದವು ಎಂಬುದೂ ಆಗ ಖಚಿತವಾಯಿತು. ಆದ್ದರಿಂದ ಈ ವಿಜ್ಞಾನ ಸುಳ್ಳಲ್ಲ. ಅದರ ಹೆಸರು ಹೇಳಿಕೊಂಡು ನಡೆಯುವ ವ್ಯಾಪಾರದಲ್ಲಿ ಬಹುಪಾಲು ಸುಳ್ಳು.

ಇನ್ನೊಂದು ಬಗೆಯ ಕೋಶಗಳನ್ನು ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಿಂದ ತೆಗೆಯುತ್ತಾರೆ. ಇವು ಗಾಯದಲ್ಲಿ ಹೊಸ ಚರ್ಮವಾಗಿ ಮಾರ್ಪಡುವುದಿಲ್ಲ. ಹೆಚ್ಚಿನವು ಕೆಲವು ದಿನ, ಕೆಲವು ವಾರಗಳಲ್ಲಿ ಇಲ್ಲವಾಗುತ್ತವೆ. ಅಷ್ಟರಲ್ಲಿ ಅವು ಸ್ರವಿಸುವ ಪದಾರ್ಥಗಳು ಉರಿಯೂತ ತಗ್ಗಿಸಿ, ಹೊಸ ರಕ್ತನಾಳ ಚಿಗುರಲು ಪ್ರೇರಣೆ ಕೊಡುತ್ತವೆ. ಪ್ರೇರಣೆಗೆ ಓಗೊಡುವ ಶಕ್ತಿ ಗಾಯದ ಸುತ್ತಲಿನ ಮಾಂಸದಲ್ಲಿ ಇರಬೇಕು. ರಕ್ತವೇ ಹರಿಯದ, ಕೀವು ತುಂಬಿದ ಗಾಯಕ್ಕೆ ಕೋಶ ಹಾಕುವುದೆಂದರೆ ಹದ ಮಾಡದ ಹೊಲಕ್ಕೆ ಬೀಜ ಚೆಲ್ಲಿದ ಹಾಗೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಸ್ಟೆಮ್ ಸೆಲ್ಲಿನಿಂದ ತಯಾರಾದ ಉತ್ಪನ್ನ ಯಾವತ್ತಿಗೂ 'ಹೊಸ ಔಷಧ'. ಕೇಂದ್ರ ಔಷಧ ನಿಯಂತ್ರಕರ ಅನುಮತಿ ಇಲ್ಲದೆ ಕೊಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯ ಹೊರತು ಉಳಿದೆಲ್ಲ ಸ್ಟೆಮ್ ಸೆಲ್ ಬಳಕೆಯೂ ಪ್ರಯೋಗದ ಹಂತದ್ದು ಎಂದಿದೆ. ಅನುಮತಿ ಪಡೆದು ಬಂದ ಒಂದು ಉತ್ಪನ್ನ ನಮ್ಮಲ್ಲಿಯೇ ಇದೆ: ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯೂಸೆಲ್. ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಈ ಕೋಶಗಳಿಗೆ 2016ರಲ್ಲಿ, ತಂಬಾಕಿನಿಂದ ರಕ್ತನಾಳ ಕಟ್ಟಿಕೊಳ್ಳುವ ಬರ್ಗರ್ ಕಾಯಿಲೆಯಿಂದ ಕಾಲಿಗೆ ರಕ್ತ ತೀರಾ ಕಡಿಮೆಯಾದವರ ಮಟ್ಟಿಗೆ ಸೀಮಿತ ಅನುಮತಿ ಸಿಕ್ಕಿತು. 2020ರಲ್ಲಿ ರಕ್ತನಾಳ ಗಡುಸಾಗಿ ಅದೇ ಸ್ಥಿತಿ ತಲುಪಿದವರಿಗೂ ಅನ್ವಯಿಸಿತು. ಇದು ಮೀನಖಂಡದ ಸ್ನಾಯುವಿಗೆ ಚುಚ್ಚುವ ಮದ್ದು. ಕಾಲಿಗೆ ರಕ್ತ ಸಾಲದೆ ಆದ ಹುಣ್ಣಿಗೆ ಸಂಬಂಧಿಸಿದ್ದು. ಎಲ್ಲ ಗಾಯಕ್ಕೂ ಅಲ್ಲ.

ಮಾಡಬೇಕಾದ್ದು

1. ಗಾಯ ಯಾಕೆ ಮಾಯುತ್ತಿಲ್ಲ ಎಂದು ಮೊದಲು ಕೇಳಿ. ಪಾದದ ಹುಣ್ಣಿನ ಹಿಂದೆ ಸಾಮಾನ್ಯವಾಗಿ ಇರುವ ಕಾರಣಗಳು ಐದು: ನರ ಸತ್ತು ಸ್ಪರ್ಶ ತಿಳಿಯದಿರುವುದು, ರಕ್ತ ಹರಿಯದಿರುವುದು, ಮೂಳೆಯವರೆಗೆ ಸೋಂಕು ಇಳಿದಿರುವುದು, ನಡೆಯುವಾಗ ಅದೇ ಜಾಗದ ಮೇಲೆ ಭಾರ ಬೀಳುತ್ತಿರುವುದು, ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿರುವುದು. ಐದನ್ನೂ ಪರೀಕ್ಷಿಸಿದ ವೈದ್ಯರ ಬರಹ ನಿಮ್ಮ ಫೈಲಿನಲ್ಲಿ ಇರಬೇಕು.

2. ಕಾಲಿನ ರಕ್ತ ಸಂಚಾರ ಪರೀಕ್ಷೆ ಮಾಡಿಸಿ. ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸುವ ಪರೀಕ್ಷೆ ಒಂದನ್ನೇ ನಂಬಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿಕೊಂಡಿರುವುದರಿಂದ ಅದು ಎಲ್ಲ ಸರಿಯಿದೆ ಎಂದು ಸುಳ್ಳು ತೋರಿಸಬಹುದು. ಡಾಪ್ಲರ್ ಪರೀಕ್ಷೆಯೋ ಕಾಲ ಹೆಬ್ಬೆರಳಿನ ರಕ್ತದೊತ್ತಡದ ಅಳತೆಯೋ ಬೇಕು ಎಂದು ಕೇಳಿ. ಕಟ್ಟಿದ ರಕ್ತನಾಳವನ್ನು ಬಲೂನಿನಿಂದಲೋ ಬೈಪಾಸಿನಿಂದಲೋ ತೆರೆಯಲು ಸಾಧ್ಯವೇ ಎಂಬುದನ್ನು ರಕ್ತನಾಳ ಶಸ್ತ್ರಚಿಕಿತ್ಸಕರಿಂದ ತಿಳಿಯದೆ ಯಾವ ಕೋಶ ಚಿಕಿತ್ಸೆಗೂ ಒಪ್ಪಬೇಡಿ.

3. ಗಾಯದ ಮೇಲಿನ ಭಾರ ಇಳಿಸಿ. ಪಾದಕ್ಕೆ ಹಾಕುವ ವಿಶೇಷ ಪಟ್ಟಿ, ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ, ಊರುಗೋಲು: ವೈದ್ಯರು ಹೇಳಿದ್ದನ್ನು ಮನೆಯೊಳಗೂ ಬಳಸಿ. ರಾತ್ರಿ ಬಚ್ಚಲಿಗೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದರೂ ಹೊಸದಾಗಿ ಕಟ್ಟಿದ ಪದರ ಹರಿಯಬಹುದು.

4. ಸತ್ತ ಮಾಂಸವನ್ನು ಶಸ್ತ್ರಚಿಕಿತ್ಸಕರಿಂದ ತೆಗೆಸಿ. ಸತ್ತ ಮಾಂಸದ ಮೇಲೆ ಯಾವ ಕೋಶವೂ ಬದುಕುವುದಿಲ್ಲ. ಎಷ್ಟು ಸಲ ತೆಗೆಯಬೇಕೆಂಬುದು ವೈದ್ಯರ ತೀರ್ಮಾನ. ನೋವಿಗೆ ಹೆದರಿ ಮುಂದೂಡಬೇಡಿ.

5. ಗಾಯವನ್ನು ವಾರಕ್ಕೊಮ್ಮೆ ಅಳೆಯಿಸಿ. ಸ್ಕೇಲು ಪಕ್ಕದಲ್ಲಿಟ್ಟು, ಒಂದೇ ಬೆಳಕಿನಲ್ಲಿ ಫೋಟೊ ತೆಗೆದು ದಿನಾಂಕ ಬರೆಯಿರಿ. ಸರಿಯಾದ ಆರೈಕೆ ನಡೆದೂ ನಾಲ್ಕು ವಾರದಲ್ಲಿ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕು. ಮುಂದುವರಿದ ಚಿಕಿತ್ಸೆಗಳ ಮಾತು ಬರಬೇಕಾದ ಹೊತ್ತು ಅದು.

6. ಹಳೆಯ ಗಾಯವಾದರೆ ಬಯಾಪ್ಸಿ, ಅಂದರೆ ಗಾಯದ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿ. ವರ್ಷಗಟ್ಟಲೆ ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯ ಮೇಲೆ ಎದ್ದ ಹುಣ್ಣು ಕ್ಯಾನ್ಸರಾಗಿ ತಿರುಗಿರಬಹುದು. ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಮದ್ದನ್ನು ಕ್ಯಾನ್ಸರಿನ ಮೇಲೆ ಹಾಕುವುದು ಅಪಾಯ. ಈ ಪರೀಕ್ಷೆ ತಪ್ಪಿಸುವಂತಿಲ್ಲ.

7. ಬೀಡಿ, ಸಿಗರೇಟು, ಹೊಗೆಸೊಪ್ಪು ಪೂರ್ತಿ ಬಿಡಿ. ಬರ್ಗರ್ ಕಾಯಿಲೆಗೆ ತಂಬಾಕೇ ಮೂಲ. ದಿನಕ್ಕೆ ಒಂದು ಎಂಬ ರಿಯಾಯಿತಿ ಇಲ್ಲ. ತಂಬಾಕು ಬಿಡದೆ ಕೋಶ ಚುಚ್ಚಿಸಿಕೊಂಡರೆ ದುಡ್ಡೂ ಹೋಗುತ್ತದೆ, ಕಾಲೂ ಹೋಗುತ್ತದೆ.

8. ನಿಮಗೆ ಕೊಡುತ್ತಿರುವುದು ಅನುಮತಿ ಪಡೆದ ಔಷಧವೋ, ನೋಂದಾಯಿತ ಪ್ರಯೋಗವೋ ಎಂದು ಬರಹದಲ್ಲಿ ಕೇಳಿ. ಔಷಧವಾದರೆ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಯಾವ ಕಾಯಿಲೆಗೆ ಅನುಮತಿ ಎಂಬುದು ಬೇಕು. ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆ ಬೇಕು. ಅದು ಸಿಟಿಆರ್‌ಐ ಎಂಬ ಅಕ್ಷರಗಳಿಂದ ಶುರುವಾಗಿ ವರ್ಷ, ತಿಂಗಳು, ಕ್ರಮಸಂಖ್ಯೆಯಲ್ಲಿ ಮುಗಿಯುತ್ತದೆ. ಈ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಓದಿದ ಮಗನಿಂದಲೋ ಮಗಳಿಂದಲೋ ತೆಗೆಸಿ ನೋಡಿ: ಆಸ್ಪತ್ರೆಯ ಹೆಸರು, ಕಾಯಿಲೆಯ ಹೆಸರು ತಾಳೆಯಾಗಬೇಕು. ನೋಂದಣಿಯಾದ ಮಾತ್ರಕ್ಕೆ ಮದ್ದು ಕೆಲಸ ಮಾಡುತ್ತದೆಂದು ಸರ್ಕಾರ ಒಪ್ಪಿದಂತಲ್ಲ ಎಂಬುದೂ ನೆನಪಿರಲಿ.

9. ಒಪ್ಪಿಗೆ ಪತ್ರ ಕನ್ನಡದಲ್ಲೇ ಬೇಕೆಂದು ಪಟ್ಟು ಹಿಡಿಯಿರಿ. ತುಳು, ಕೊಂಕಣಿ, ಉರ್ದು ಆಡುವವರು ತಮಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಕೇಳಿ. ಮನೆಗೆ ಒಯ್ದು ಓದಿ, ನಂಬಿಕೆಯ ಬೇರೊಬ್ಬ ವೈದ್ಯರಿಗೆ ತೋರಿಸಿ. ಸಹಿ ಹಾಕಿದ ಪತ್ರದ ಪ್ರತಿ ನಿಮ್ಮ ಹಕ್ಕು. ಯಾವ ಹಂತದಲ್ಲಾದರೂ ಕಾರಣ ಹೇಳದೆ ಪ್ರಯೋಗದಿಂದ ಹೊರಬರುವುದೂ ನಿಮ್ಮ ಹಕ್ಕು. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

10. ಚಿಕಿತ್ಸೆಯಾದ ಮೇಲೆ ಡ್ರೆಸಿಂಗನ್ನು ಆಸ್ಪತ್ರೆಯವರೇ ಬಿಚ್ಚಲಿ. ಹೊಸದಾಗಿ ಕೂರಿಸಿದ ಹಾಳೆ ಕೆಲವೇ ಕೋಶಗಳಷ್ಟು ದಪ್ಪ. ಉಜ್ಜಿದರೆ ಕಿತ್ತು ಬರುತ್ತದೆ. ಗಾಯ ಮುಚ್ಚಿದ ಮೇಲೂ ಅಲ್ಲಿನ ಚರ್ಮ ಮೊದಲಿನ ಗಟ್ಟಿತನದ ಸುಮಾರು 80 ಶೇಕಡ ದಾಟುವುದಿಲ್ಲ. ಪಾದದ ಆರೈಕೆ ಜೀವನಪರ್ಯಂತದ ಕೆಲಸ.

ಮಾಡಬಾರದ್ದು

1. ಪ್ರಯೋಗಕ್ಕೆ ದುಡ್ಡು ಕೊಡಬೇಡಿ. ಪ್ರಯೋಗದಲ್ಲಿ ಭಾಗವಹಿಸುವವರಿಂದ ಕೋಶಕ್ಕಾಗಲಿ ಅದನ್ನು ಕೊಡುವುದಕ್ಕಾಗಲಿ ಹಣ ಕೇಳುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ನಿಯಮದಂತೆ ಪರಿಹಾರ ಕೊಡಬೇಕಾದವರು ಪ್ರಯೋಗ ನಡೆಸುವವರು. "ಪ್ರಯೋಗವೂ ಹೌದು, ಎರಡು ಲಕ್ಷ ಕಟ್ಟಿ" ಎನ್ನುವವರ ಬಾಗಿಲಿನಿಂದ ಎದ್ದು ಬನ್ನಿ. ಹೊಲ, ಒಡವೆ ಅಡವಿಡಬೇಡಿ.

2. ಜಾಹೀರಾತು ನೋಡಿ ಹೋಗಬೇಡಿ. ಸಕ್ಕರೆ ಕಾಯಿಲೆ, ಗ್ಯಾಂಗ್ರಿನ್ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಮೊಬೈಲಿನಲ್ಲಿ ಬರುವ 'ಮೊದಲು–ಆಮೇಲೆ' ಚಿತ್ರಗಳು ಪುರಾವೆಯಲ್ಲ. ಆ ಗಾಯ ಯಾರದ್ದು, ಜೊತೆಗೆ ಇನ್ನೇನು ಚಿಕಿತ್ಸೆಯಾಗಿತ್ತು, ಯಾವುದೂ ಅದರಲ್ಲಿ ಕಾಣುವುದಿಲ್ಲ.

3. ಪಿಆರ್‌ಪಿಯನ್ನು ಸ್ಟೆಮ್ ಸೆಲ್ ಎಂದು ನಂಬಬೇಡಿ. ನಿಮ್ಮ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಪ್ಲೇಟ್ಲೆಟ್ ಹೆಚ್ಚಿರುವ ಭಾಗ ತೆಗೆಯುವುದು ಪಿಆರ್‌ಪಿ. ಕೊಲಾಜನ್ ಹಾಳೆ, ಬೆಳವಣಿಗೆ ಪ್ರಚೋದಕ ಜೆಲ್ ಕೂಡ ಸ್ಟೆಮ್ ಸೆಲ್ ಅಲ್ಲ. ಇವುಗಳಿಗೆ ಅವುಗಳದೇ ಉಪಯೋಗವಿದೆ, ಅವುಗಳದೇ ಬೆಲೆಯಿದೆ. ಸ್ಟೆಮ್ ಸೆಲ್ ಎಂಬ ಹೆಸರಿಟ್ಟು ಹತ್ತು ಪಟ್ಟು ವಸೂಲು ಮಾಡಲು ಬಿಡಬೇಡಿ.

4. ಸ್ಟೆಮ್ ಸೆಲ್ ಕ್ರೀಮು, ಪುಡಿ, ಮಾತ್ರೆ ಕೊಳ್ಳಬೇಡಿ. ಜೀವಂತ ಕೋಶ ದ್ರವ ಸಾರಜನಕದ ಕಡುಶೀತದಲ್ಲಿ ಉಳಿಯುತ್ತದೆ. ಕರಗಿಸಿದ ಕೆಲವೇ ಗಂಟೆಗಳಲ್ಲಿ ಬಳಸಬೇಕು. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಡಬ್ಬಿಯಲ್ಲಿ ಅದು ಬದುಕಿರಲು ಸಾಧ್ಯವಿಲ್ಲ. ಸೇಬಿನ ಆಕರ ಕೋಶ ಎಂದು ಬರೆದ ಸೌಂದರ್ಯವರ್ಧಕ ಮನುಷ್ಯನ ಗಾಯವನ್ನು ಮಾಯಿಸುವುದಿಲ್ಲ.

5. "ನಿಮ್ಮದೇ ಕೊಬ್ಬು, ನಿಮ್ಮದೇ ಕೋಶ, ಅಪಾಯವೇ ಇಲ್ಲ" ಎಂಬ ಮಾತು ಒಪ್ಪಬೇಡಿ. ಅಮೆರಿಕದ ಫ್ಲೋರಿಡಾದಲ್ಲಿ ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವರದಿಯಾಯಿತು. ಹೊರಗಿನಿಂದ ತಂದದ್ದಾದರೂ ಅಪಾಯ ತಪ್ಪಿದ್ದಲ್ಲ: ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಚುಚ್ಚಿಸಿಕೊಂಡು ಅಮೆರಿಕದ ಮೂರು ರಾಜ್ಯಗಳ 12 ಜನ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದ್ದು 2018ರಲ್ಲಿ ದಾಖಲಾಗಿದೆ. ಸಕ್ಕರೆ ಕಾಯಿಲೆಯ ಕಾಲಿಗೆ ಅಂಥ ಸೋಂಕು ತಗಲಿದರೆ ಕಾಲು ಕತ್ತರಿಸುವ ಸ್ಥಿತಿ ಬರಬಹುದು.

6. ಎಕ್ಸೋಸೋಮ್ ಎಂಬ ಹೊಸ ಹೆಸರಿಗೆ ಮರುಳಾಗಬೇಡಿ. ಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳು ಇವು. ಗಾಯದ ವಿಷಯದಲ್ಲಿ ಸಂಶೋಧನೆ ನಡೆಯುತ್ತಿದೆ, ಆಸೆಯೂ ಇದೆ. ಆದರೆ ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನದಿಂದ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಪ್ರಯೋಗದ ಹೊರಗೆ ಚುಚ್ಚಿಸಿಕೊಳ್ಳಬೇಡಿ.

7. ಕೋಶ ಹಾಕಿಸಿಕೊಂಡೆವೆಂದು ಇನ್ಸುಲಿನ್, ಆಂಟಿಬಯಾಟಿಕ್, ಡ್ರೆಸಿಂಗ್ ನಿಲ್ಲಿಸಬೇಡಿ. ಕೋಶ ಚಿಕಿತ್ಸೆ ಇವುಗಳ ಜೊತೆಗೆ ಸೇರುವಂಥದ್ದು, ಇವುಗಳ ಜಾಗಕ್ಕೆ ಬರುವಂಥದ್ದಲ್ಲ.

8. ತೆರೆದ ಗಾಯಕ್ಕೆ ಸ್ಪಿರಿಟ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ. ಇವು ಕ್ರಿಮಿಯ ಜೊತೆಗೆ ಹೊಸ ಕೋಶಗಳನ್ನೂ ಕೊಲ್ಲುತ್ತವೆ. ಅರಿಶಿನ, ಸುಣ್ಣ, ಕಾಫಿ ಪುಡಿ, ಬೂದಿ ಮೆತ್ತಬೇಡಿ. ಯಾವುದರಿಂದ ತೊಳೆಯಬೇಕೆಂದು ನರ್ಸಿನಿಂದ ಕೇಳಿ ಬರೆದುಕೊಳ್ಳಿ.

9. "ಮುಂದೆ ಗಾಯಕ್ಕೆ ಬೇಕಾಗುತ್ತದೆ" ಎಂಬ ಮಾತು ಕೇಳಿ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಬೇಡಿ. ಐಸಿಎಂಆರ್ ಇಂಥ ವಾಣಿಜ್ಯ ಶೇಖರಣೆಯನ್ನು ಶಿಫಾರಸು ಮಾಡಿಲ್ಲ. ಹೆರಿಗೆ ವಾರ್ಡಿನಲ್ಲಿ ತಂದುಕೊಡುವ ಕರಪತ್ರಕ್ಕೆ ಅಲ್ಲೇ ಸಹಿ ಹಾಕಬೇಡಿ.

10. ಮೋಸಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ರಸೀದಿ, ಚೀಟಿ, ಫೋಟೊ, ಬಾಟಲಿ ಎಲ್ಲ ಎತ್ತಿಡಿ. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕ್ಕಿನ ದೂರು ಜಿಲ್ಲೆಯ ಖಾಸಗಿ ವೈದ್ಯಕೀಯ ಸಂಸ್ಥೆಗಳ ಪ್ರಾಧಿಕಾರಕ್ಕೆ, ಉತ್ಪನ್ನದ ದೂರು ಔಷಧ ನಿಯಂತ್ರಣ ಅಧಿಕಾರಿಗಳಿಗೆ, ಹಣ ವಾಪಸು ಕೇಳುವುದು ಜಿಲ್ಲಾ ಗ್ರಾಹಕರ ಆಯೋಗದಲ್ಲಿ.

ಸುಟ್ಟಗಾಯದವರಿಗೆ ಪ್ರತ್ಯೇಕ ಸೂಚನೆ

ಮಾಡಬೇಕಾದ್ದು: ಸುಟ್ಟ ತಕ್ಷಣ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಬಳೆ, ಉಂಗುರ, ಬಿಗಿಯಾದ ಬಟ್ಟೆ ತೆಗೆಯಿರಿ. ಅಂಟಿದ ಬಟ್ಟೆ ಎಳೆಯಬೇಡಿ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ.

ಮಾಡಬಾರದ್ದು: ಐಸ್, ಟೂತ್‌ಪೇಸ್ಟ್, ಇಂಕು, ದೋಸೆ ಹಿಟ್ಟು, ಮೊಟ್ಟೆಯ ಬಿಳಿ ಹಚ್ಚಬೇಡಿ. ಮೊದಲ ದಿನವೇ ಸ್ಟೆಮ್ ಸೆಲ್ ಹುಡುಕಿಕೊಂಡು ಊರೂರು ಅಲೆಯಬೇಡಿ. ದೊಡ್ಡ ಸುಟ್ಟಗಾಯದಲ್ಲಿ ಆ ಹೊತ್ತಿಗೆ ಜೀವ ಉಳಿಸುವುದು ಡ್ರಿಪ್, ಉಸಿರಾಟದ ಆರೈಕೆ, ಸೋಂಕಿನ ತಡೆ, ಸುಟ್ಟ ಚರ್ಮ ತೆಗೆದು ಸ್ವಂತ ಚರ್ಮ ಕಸಿ ಮಾಡುವುದು.

ರೋಗಿಯ ಕೋಶಗಳಿಂದ ಹಾಳೆ ಬೆಳೆಸಲು ಮೂರು ನಾಲ್ಕು ವಾರ ಬೇಕು. ಹಾಗೆ ಬೆಳೆದದ್ದು ಹೊರಚರ್ಮ ಮಾತ್ರ. ಅದರಲ್ಲಿ ಬೆವರಿನ ಗ್ರಂಥಿಯಿಲ್ಲ, ಕೂದಲಿಲ್ಲ, ಒಳಚರ್ಮದ ಆಸರೆಯಿಲ್ಲ. ಆ ವಾರಗಳಲ್ಲಿ ಗಾಯವನ್ನು ತೆರೆದಿಡುವಂತಿಲ್ಲ. ಆಗ ಬೇಕಾಗುವುದು ದಾನಿಗಳ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸಾವು ಸಂಭವಿಸಿದ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಮೇಲ್ಪದರ ಮಾತ್ರ ತೆಗೆಯುತ್ತಾರೆ. ದೇಹ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ, ರಕ್ತದ ಗುಂಪು ಹೊಂದಬೇಕಾಗಿಲ್ಲ. ಗ್ಲಿಸರಾಲಿನಲ್ಲಿ ಕಾಪಿಟ್ಟರೆ ಐದು ವರ್ಷದವರೆಗೆ ಬಳಸಬಹುದು. ಇದು ಶಾಶ್ವತವಾಗಿ ಕೂರುವುದಿಲ್ಲ. ಎರಡು ಮೂರು ವಾರ ಗಾಯ ಮುಚ್ಚಿ, ಸೋಂಕು ತಡೆದು, ರೋಗಿಯ ಸ್ವಂತ ಚರ್ಮ ಸಿಗುವವರೆಗೆ ಕಾಯುತ್ತದೆ. ಚರ್ಮದಾನದ ಇಚ್ಛೆಯನ್ನು ಮನೆಯವರಿಗೆ ಇಂದೇ ತಿಳಿಸಿ.

ವೈದ್ಯರಿಗೆ, ಕ್ಲಿನಿಕ್ಕುಗಳಿಗೆ

ಸಾಂಸ್ಥಿಕ ಸ್ಟೆಮ್ ಸೆಲ್ ಸಂಶೋಧನಾ ಸಮಿತಿ, ನೈತಿಕ ಸಮಿತಿ, ಔಷಧ ನಿಯಂತ್ರಕರ ಅನುಮತಿ: ಮೂರೂ ಇಲ್ಲದೆ ಪ್ರಯೋಗಕ್ಕೆ ಇಳಿಯಬೇಡಿ. "ಬೇರೇನೂ ಉಳಿದಿಲ್ಲ, ಇದೊಂದು ಮಾಡಿ ನೋಡೋಣ" ಎಂದು ಕಾಲು ಕಳೆದುಕೊಳ್ಳುವ ಭಯದಲ್ಲಿರುವವರ ಮುಂದೆ ಹೇಳಬೇಡಿ. ಆ ಭಯದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಕಾಲು ಉಳಿಯದ ಸ್ಥಿತಿಯಿದ್ದರೆ ಅದನ್ನು ನೇರವಾಗಿ ತಿಳಿಸಿ, ಕೃತಕ ಕಾಲಿನ ದಾರಿ ತೋರಿಸಿ.

ಸಹಿ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳು

- ಕೋಶ ಯಾರದ್ದು, ದೇಹದ ಯಾವ ಭಾಗದ್ದು, ಯಾವ ಪ್ರಯೋಗಾಲಯದಲ್ಲಿ ಬೆಳೆಸಿದ್ದು?
- ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿದೆಯೇ?
- ನನ್ನಂಥದೇ ಗಾಯದಲ್ಲಿ ಇದನ್ನು ಮಾಮೂಲಿ ಚಿಕಿತ್ಸೆಯ ಜೊತೆ ಹೋಲಿಸಿ ನೋಡಿದ್ದಾರೆಯೇ? ಫಲಿತಾಂಶ ಎಲ್ಲಿ ಪ್ರಕಟವಾಗಿದೆ?
- ಪ್ರಯೋಗದಲ್ಲಿ ನನಗೆ ಕೋಶವೇ ಸಿಗುತ್ತದೆಯೋ, ಹೋಲಿಕೆಗೆಂದು ಕೊಡುವ ಬೇರೆ ಮದ್ದೋ?
- ಹಾನಿಯಾದರೆ ಖರ್ಚು ಯಾರದ್ದು? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು?
- ಎಷ್ಟು ವರ್ಷ ನನ್ನನ್ನು ಕರೆದು ನೋಡುತ್ತೀರಿ?

ಒಂದು ಪ್ರಶ್ನೆಗೆ ಸಿಡುಕಿನ ಉತ್ತರ ಬಂದರೂ ಪೆನ್ನು ಕೆಳಗಿಡಿ.

ತಡಮಾಡದೆ ಆಸ್ಪತ್ರೆಗೆ

ಜ್ವರ, ಚಳಿ, ಗಾಯದ ಸುತ್ತ ಕೆಂಪು ಹರಡುವುದು, ದುರ್ವಾಸನೆಯ ಕೀವು, ಬೆರಳು ಕಪ್ಪಾಗುವುದು, ಪಾದ ತಣ್ಣಗಾಗುವುದು, ಚುಚ್ಚಿದ ಮೇಲೆ ಉಸಿರುಗಟ್ಟುವುದು, ಮೈಯೆಲ್ಲ ದದ್ದು: ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಕೋಶ ಹಾಕಿದ ಕ್ಲಿನಿಕ್ಕಿನವರು "ಮದ್ದು ಕೆಲಸ ಮಾಡುತ್ತಿರುವ ಗುರುತು" ಎಂದರೆ ಕೇಳಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಯಾವ ದಿನ ಏನು ಹಾಕಿಸಿಕೊಂಡಿರಿ ಎಂಬುದನ್ನು ಮುಚ್ಚಿಡದೆ ಹೇಳಿ.

ಅನುಮತಿಯ ದಾರಿಯಲ್ಲಿ ಬರುವ ಚಿಕಿತ್ಸೆ ನಿಧಾನವಾಗಿ ಬರುತ್ತದೆ. ಬಾಸ್ಟನ್ನಿನ ಬಾಲಕರಿಂದ ಬೋಖುಮ್ ಬಾಲಕನವರೆಗೆ ಮೂವತ್ತೆರಡು ವರ್ಷ ಹಿಡಿಯಿತು. ಪ್ರತಿ ಹೆಜ್ಜೆಯೂ ದಾಖಲಾಗಿ, ತಪ್ಪು ಒಪ್ಪುಗಳು ಬೇರೆಯವರ ಪರಿಶೀಲನೆಗೆ ತೆರೆದಿದ್ದವು. ಅರ್ಹವಾದ ಪ್ರಯೋಗವೊಂದಕ್ಕೆ ತಿಳಿದು ಸೇರುವ ರೋಗಿ ತನ್ನ ಗಾಯದಿಂದ ಮುಂದಿನವರಿಗೂ ಉಪಕಾರ ಮಾಡುತ್ತಾನೆ. ಲೆಕ್ಕಕ್ಕೆ ಸಿಗದ ಕ್ಲಿನಿಕ್ಕಿಗೆ ದುಡ್ಡು ಸುರಿದವನ ಗಾಯದಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಆದ್ದರಿಂದ ಇವತ್ತು ಮಾಡಬೇಕಾದ ಕೆಲಸ ಇಷ್ಟು: ಗಾಯ ಅಳೆಯಿಸಿ, ಡಾಪ್ಲರ್ ಮಾಡಿಸಿ, ಸಕ್ಕರೆ ಪರೀಕ್ಷಿಸಿ, ತಂಬಾಕು ಬಿಡಿ, ಕಾಲಿನ ಭಾರ ಇಳಿಸಿ. ಸ್ಟೆಮ್ ಸೆಲ್ ಬೇಕೇ ಬೇಡವೇ ಎಂಬ ಮಾತನ್ನು ಈ ಐದೂ ಆದ ಮೇಲೆ, ಫೈಲು ಮುಂದಿಟ್ಟುಕೊಂಡು, ನಿಮ್ಮ ವೈದ್ಯರ ಜೊತೆ ಕೂತು ಆಡಿ.